ಎಲ್ಲಾ ಫ್ಲೂಗೂ ಒಂದೇ ಲಸಿಕೆ ಯಾಕಿನ್ನೂ ಬಂದಿಲ್ಲ? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಹೋದ ಸಂಚಿಕೆಲಿ ಫ್ಲೂ ಬಗ್ಗೆ ಬರೆಯೋವಾಗ "ಎಲ್ಲಾ ತಳಿಗೂ ಆಗೋ ಒಂದೇ ಲಸಿಕೆ ಮೇಲೆ ಕೆಲಸ ನಡೀತಿದೆ" ಅಂತ ಒಂದು ಸಾಲು ಹಾಕಿ ಮುಂದೆ ಹೋಗ್ಬಿಟ್ಟಿದ್ದೆ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಈ ಸಲದ ಪೂರ್ತಿ ಅಂಕಣ ಅದಕ್ಕೇ ಕೊಟ್ಟಿದೀನಿ.

ಪ್ರಶ್ನೆ: ಮೇಡಂ, ದಡಾರದ ಲಸಿಕೆ ಚಿಕ್ಕವರಿದ್ದಾಗ ಹಾಕಿಸಿದ್ರೆ ಜನ್ಮಕ್ಕಾಯ್ತು. ಫ್ಲೂಗೆ ಮಾತ್ರ ವರ್ಷಾ ವರ್ಷಾ ಚುಚ್ಚಿಸ್ಕೋಬೇಕು. ಇದೆಲ್ಲಾ ಕಂಪನಿಯವರ ಬಿಸಿನೆಸ್ಸು ಅಂತ ನಮ್ಮ ಯಜಮಾನ್ರ ವಾದ. ನಿಜಾನಾ?

ಉತ್ತರ: ಬಿಸಿನೆಸ್ ಇಲ್ಲ ಅನ್ನಲ್ಲ, ಆದ್ರೆ ವರ್ಷಾ ವರ್ಷಾ ಹಾಕಿಸ್ಕೋಬೇಕಾಗಿರೋದು ಅದಕ್ಕಲ್ಲ. ದಡಾರದ ವೈರಸ್ಸೂ ತನ್ನ ನಕಲು ಮಾಡ್ಕೊಳೋವಾಗ ತಪ್ಪು ಮಾಡ್ತಾನೇ ಇರತ್ತೆ, ಆದ್ರೆ ಅದರ ಹೊರಮೈ ಪ್ರೋಟೀನಿನ ಮುಖ್ಯ ಜಾಗಗಳಲ್ಲಿ ಏನಾದ್ರೂ ಏರುಪೇರಾದ್ರೆ ಅದಕ್ಕೆ ನಮ್ಮ ಜೀವಕೋಶದ ಒಳಗೆ ಹೋಗೋಕೇ ಆಗಲ್ಲ, ಹಾಗಾಗಿ ಬದಲಾದ ವೈರಸ್ಸು ಅಲ್ಲೇ ಸತ್ತು ಹೋಗತ್ತೆ. 1954ರಲ್ಲಿ ಒಬ್ಬ ಹುಡುಗನಿಂದ ತೆಗೆದ ಎಡ್ಮನ್‌ಸ್ಟನ್ ಅನ್ನೋ ತಳಿಯಿಂದ ಬಂದ ಲಸಿಕೆಗಳೇ ಇವತ್ತಿಗೂ ಚೆನ್ನಾಗಿ ಕೆಲಸ ಮಾಡ್ತಿರೋದು ಇದೇ ಕಾರಣಕ್ಕೆ.

ಫ್ಲೂ ವೈರಸ್ಸಿನ ಹೊರಮೈಯಲ್ಲಿ ಎರಡು ಪ್ರೋಟೀನ್ ಮುಖ್ಯ, ಹೀಮಗ್ಲುಟಿನಿನ್ ಮತ್ತೆ ನ್ಯೂರಾಮಿನಿಡೇಸ್. ಎಚ್‌1ಎನ್‌1, ಎಚ್‌3ಎನ್‌2 ಅಂತೆಲ್ಲಾ ಕೇಳ್ತೀರಲ್ಲ, ಆ ಎಚ್ ಮತ್ತೆ ಎನ್ ಇವೇ, ಪಕ್ಕದ ಅಂಕಿ ಅದು ಯಾವ ಥರದ್ದು ಅಂತ ಹೇಳತ್ತೆ. ಅದರಲ್ಲಿ ಹೀಮಗ್ಲುಟಿನಿನ್‌ನ ಮೇಲ್ಭಾಗ ಎಷ್ಟು ಬದಲಾದ್ರೂ ವೈರಸ್ಸಿಗೆ ಏನೂ ತೊಂದ್ರೆ ಇಲ್ಲ, ಆರಾಮಾಗಿ ಬದುಕ್ಕೊಳತ್ತೆ, ಆದ್ರೆ ಹೋದ ವರ್ಷದ ಆಂಟಿಬಾಡಿಗೆ (ವೈರಸ್ಸಿಗೆ ಅಂಟಿ ತಡೆಯೋಕೆ ನಮ್ಮ ದೇಹ ಮಾಡೋ ಪ್ರೋಟೀನ್) ಅದರ ಗುರುತು ಸಿಗಲ್ಲ. ಇದು ನಿಧಾನಕ್ಕೆ ಆಗೋ ಬದಲಾವಣೆ. ಇನ್ನೊಂದು ಇದೆ, ಅದು ಒಂದೇ ಏಟಿಗೆ ಆಗೋದು. ಫ್ಲೂ ವೈರಸ್ಸಿನ ಜೀನ್‌ಗಳು ಎಂಟು ಬೇರೆ ಬೇರೆ ತುಂಡುಗಳಲ್ಲಿರತ್ತೆ, ಹಕ್ಕಿಯ ಫ್ಲೂ ಮನುಷ್ಯರ ಫ್ಲೂ ಎರಡೂ ಒಂದೇ ಜೀವಕೋಶಕ್ಕೆ ಹೊಕ್ಕಿಬಿಟ್ರೆ ತುಂಡುಗಳು ಅದಲು ಬದಲಾಗಿ ಯಾರ ದೇಹವೂ ಕಂಡಿರದ ಹೊಸ ವೈರಸ್ ಹೊರಗೆ ಬರಬಹುದು. 1957ರಲ್ಲಿ ಎಚ್‌2ಎನ್‌2, 1968ರಲ್ಲಿ ಎಚ್‌3ಎನ್‌2 ಬಂದಿದ್ದು ಹೀಗೇ. 2009ರ ಎಚ್‌1ಎನ್‌1 ಹಂದಿಗಳಲ್ಲಿ ಇಂಥದೇ ಅದಲು ಬದಲಾಗಿ ಬಂದಿದ್ದು. ಜೊತೆಗೆ ಫ್ಲೂ ಲಸಿಕೆ ಕೊಡೋ ರಕ್ಷಣೆ ಕೆಲವೇ ತಿಂಗಳಲ್ಲಿ ಇಳಿಯೋಕೆ ಶುರುವಾಗತ್ತೆ, ಅದೂ ಸೇರ್ಕೊಳತ್ತೆ. ಯಜಮಾನ್ರಿಗೆ ಇಷ್ಟು ಹೇಳಿ, ಸಾಕು.

ಪ್ರಶ್ನೆ: ಮುಂದಿನ ಸೀಸನ್‌ಗೆ ಯಾವ ತಳಿ ಬರತ್ತೆ ಅಂತ ಮೊದಲೇ ಅಂದಾಜು ಮಾಡಿ ಲಸಿಕೆ ಮಾಡ್ತಾರಂತೆ. ಅಂದಾಜು ತಪ್ಪಿದ್ರೆ?

ಉತ್ತರ: ತಪ್ಪಿದೆ, ಎಷ್ಟೋ ಸಲ. ವಿಶ್ವ ಆರೋಗ್ಯ ಸಂಸ್ಥೆ 1952ರಿಂದ ಲೋಕದ ಎಲ್ಲಾ ಕಡೆಯಿಂದ ಫ್ಲೂ ಸ್ಯಾಂಪಲ್ ತರಿಸಿ ನೋಡೋ ಜಾಲ ಇಟ್ಕೊಂಡಿದೆ. ವರ್ಷಕ್ಕೆ ಎರಡು ಸಲ ಕೂತು ತಳಿ ಆರಿಸ್ತಾರೆ, ಉತ್ತರಾರ್ಧ ಗೋಳಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಲಸಿಕೆ ಬಾಟಲಿಗೆ ಬೀಳೋಕೆ ಸುಮಾರು ಆರು ತಿಂಗಳು ಬೇಕು, ಯಾಕಂದ್ರೆ ಇವತ್ತಿಗೂ ಹೆಚ್ಚಿನ ಪಾಲು ಬೆಳೆಸೋದು ಕೋಳಿಮೊಟ್ಟೆಯಲ್ಲಿ, ಈ ಆರು ತಿಂಗಳು ವೈರಸ್ ಸುಮ್ನೆ ಕೂತಿರಲ್ವಲ್ಲ. 2014-15ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಹೀಗೇ ಆಯ್ತು, ಎಚ್‌3ಎನ್‌2 ದಾರಿ ಬದಲಿಸಿಬಿಡ್ತು, ಲಸಿಕೆಯ ಪರಿಣಾಮ ಶೇ. 19ಕ್ಕೆ ಬಂದು ನಿಲ್ತು. ತಳಿ ಚೆನ್ನಾಗಿ ಹೊಂದಿದ ವರ್ಷದಲ್ಲೂ ಶೇ. 40ರಿಂದ 60 ಅಷ್ಟೇ.

ಇನ್ನೊಂದು ಪಜೀತಿ ಇದೆ, ಇದನ್ನ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ತಳಿ ಸರಿಯಾಗೇ ಆರಿಸಿರ್ತಾರೆ, ಆದ್ರೆ ಮನುಷ್ಯರ ವೈರಸ್ಸನ್ನ ಮೊಟ್ಟೆಯಲ್ಲಿ ಬೆಳೆಸೋವಾಗ ಅದು ಮೊಟ್ಟೆಗೆ ಹೊಂದ್ಕೊಳೋಕೆ ತಾನೇ ಒಂಚೂರು ಬದಲಾಗ್ಬಿಡತ್ತೆ. 2016-17ರ ಸೀಸನ್‌ನಲ್ಲಿ ಎಚ್‌3ಎನ್‌2 ಹೊರಗೆ ಒಂದು ಸಕ್ಕರೆ ಅಣುಗಳ ಮುಸುಕು ಹೊದ್ಕೊಂಡು ಓಡಾಡ್ತಿತ್ತು, ಮೊಟ್ಟೆಯಲ್ಲಿ ಬೆಳೆದ ಲಸಿಕೆ ವೈರಸ್ಸಿಗೆ ಆ ಮುಸುಕೇ ಇರ್ಲಿಲ್ಲ. ದೇಹ ಕಲಿತಿದ್ದೇ ಒಂದು, ಎದುರಿಗೆ ಬಂದಿದ್ದೇ ಇನ್ನೊಂದು.

ಪ್ರಶ್ನೆ: ಹಾಗಾದ್ರೆ ಬದಲಾಗದೇ ಇರೋ ಭಾಗ ಅಂತ ವೈರಸ್ಸಲ್ಲಿ ಏನೂ ಇಲ್ವಾ? ಅದನ್ನೇ ಹಿಡಿದ್ರೆ ಆಯ್ತಲ್ವಾ? (ಇದೇ ಪ್ರಶ್ನೆ ತುಂಬಾ ಜನ ಕೇಳಿದೀರಿ.)

ಉತ್ತರ: ಇದೆ, ಇಡೀ ಕಥೆ ಅಲ್ಲೇ ಇರೋದು. ಹೀಮಗ್ಲುಟಿನಿನ್ ನೋಡೋಕೆ ಅಣಬೆ ಥರ, ಮೇಲೊಂದು ದಪ್ಪ ತಲೆ, ಕೆಳಗೊಂದು ಕಾಂಡ. ತಲೆ ಕೆಲಸ ನಮ್ಮ ಜೀವಕೋಶಕ್ಕೆ ಅಂಟ್ಕೊಳೋದು. ಅಂಟಿದ್ಮೇಲೆ ಜೀವಕೋಶ ವೈರಸ್ಸನ್ನ ಒಂದು ಚಿಕ್ಕ ಚೀಲದಲ್ಲಿ ಸುತ್ತಿ ಒಳಗೆ ಎಳ್ಕೊಳತ್ತೆ, ಆ ಚೀಲದ ಒಳಗೆ ಆಮ್ಲ ಏರ್ತಾ ಹೋಗತ್ತೆ. ಕಾಂಡ ಕಾಯ್ತಿರೋದೇ ಆ ಆಮ್ಲಕ್ಕೆ. ಅದು ತಾಗಿದ ಕೂಡ್ಲೇ ತನ್ನ ಮಡಿಕೆ ಎಲ್ಲಾ ಬಿಚ್ಚಿ ಉದ್ದಕ್ಕೆ ಚಾಚ್ಕೊಂಡು ತುದಿಯನ್ನ ಚೀಲದ ಗೋಡೆಗೆ ಚುಚ್ಚತ್ತೆ, ಆಮೇಲೆ ವಾಪಸ್ ಮಡಚ್ಕೊಂಡು ವೈರಸ್ಸಿನ ಪೊರೆಯನ್ನೂ ಚೀಲದ ಪೊರೆಯನ್ನೂ ಒಂದುಗೂಡಿಸಿ ಬಾಗ್ಲು ತೆರೆಯತ್ತೆ, ಜೀನ್‌ಗಳು ಒಳಗೆ ಇಳೀತವೆ. ಇಷ್ಟೆಲ್ಲಾ ಕಸರತ್ತು ಮಾಡ್ಬೇಕಾದ ಭಾಗ ಮನಸ್ಸಿಗೆ ಬಂದ ಹಾಗೆ ಬದಲಾಗೋಕಾಗಲ್ಲ, ಒಂದು ಕಡೆ ತಪ್ಪಿದ್ರೆ ಬಾಗ್ಲೇ ತೆರೆಯಲ್ಲ. ಹಾಗಾಗಿ ಎಷ್ಟೋ ತಳಿಗಳಲ್ಲಿ ತಲೆ ಬೇರೆ ಬೇರೆ ಇದ್ರೂ ಕಾಂಡ ಬಹುಪಾಲು ಒಂದೇ ಥರ.

ಕಾಂಡಕ್ಕೆ ಅಂಟಿ ಈ ಕಸರತ್ತನ್ನೇ ತಡೆಯೋ ಆಂಟಿಬಾಡಿ ಇದೆ ಅಂತ 1993ರಲ್ಲೇ ಜಪಾನಿನವರು ಇಲಿಯಲ್ಲಿ ತೋರಿಸಿದ್ರು, ಎಚ್‌1 ಎಚ್‌2 ಎರಡನ್ನೂ ಒಂದೇ ಆಂಟಿಬಾಡಿ ತಡೀತು. ಆಗ ಅದಕ್ಕೆ ಯಾರೂ ಅಷ್ಟು ಬೆಲೆ ಕೊಡ್ಲಿಲ್ಲ. 2008ರ ಹೊತ್ತಿಗೆ ಮನುಷ್ಯರಲ್ಲೂ ಇಂಥವು ಸಿಗೋಕೆ ಶುರುವಾದ್ಮೇಲೇ ಎಲ್ಲರೂ ಎದ್ದು ಕೂತಿದ್ದು. 2011ರಲ್ಲಿ ಎಫ್‌ಐ6 ಅನ್ನೋದು ಸಿಕ್ತು, ಆಗ ಗೊತ್ತಿದ್ದ ಇನ್‌ಫ್ಲುಯೆಂಜಾ ಎ ವೈರಸ್ಸಿನ (ಫ್ಲೂ ವೈರಸ್ಸಲ್ಲಿ ಎ, ಬಿ ಅಂತ ವಿಧಗಳಿವೆ, ಎಚ್‌1ಎನ್‌1 ಥರದವೆಲ್ಲಾ ಎ) 16 ಥರದ ಹೀಮಗ್ಲುಟಿನಿನ್‌ಗೂ ಅಂಟೋ ಒಂದೇ ಆಂಟಿಬಾಡಿ! ಅದನ್ನ ಹುಡುಕೋಕೆ ಆಂಟಿಬಾಡಿ ತಯಾರಿಸೋ ಪ್ಲಾಸ್ಮಾ ಕೋಶಗಳನ್ನ ಒಂದು ಲಕ್ಷದಷ್ಟು ಜಾಲಾಡಬೇಕಾಯ್ತು ಅನ್ನೋದನ್ನ ಗಮನಿಸಿ. ಅಂದ್ರೆ ನಮ್ಮ ದೇಹಕ್ಕೆ ಇಂಥ ಆಂಟಿಬಾಡಿ ಮಾಡೋಕೆ ಬರತ್ತೆ, ಆದ್ರೆ ಮಾಡೋದು ಅಪರೂಪಕ್ಕೆ. ತಲೆ ಮೇಲೆ ಎದ್ದು ಕಾಣತ್ತೆ, ಕಾಂಡ ಕೆಳಗೆ ಒತ್ತೊತ್ತಾಗಿ ಮರೆಯಲ್ಲಿರತ್ತೆ, ರೋಗನಿರೋಧಕ ವ್ಯವಸ್ಥೆ ಪ್ರತಿ ಸಲವೂ ಹೋಗಿ ತಲೆಗೇ ಮುಗಿಬೀಳತ್ತೆ. ನನ್ನ ಕೇಳಿದ್ರೆ ಇಲ್ಲಿ ನಿಜವಾದ ತೊಡಕು ವೈರಸ್ಸಿನ ಚಾಲಾಕಿತನ ಅಷ್ಟೇ ಅಲ್ಲ, ನಮ್ಮ ದೇಹದ ಈ ಹಠಮಾರಿ ಅಭ್ಯಾಸ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಓದ್ತಿದೀನಿ. ಸಿಂಪಲ್ ಅಲ್ವಾ ಮೇಡಂ, ತಲೆ ಕತ್ತರಿಸಿ ಬರೀ ಕಾಂಡ ಕೊಟ್ರಾಯ್ತಲ್ಲ?

ಉತ್ತರ: ನಿಮ್ಮ ಐಡಿಯಾ ಬಂದು ತುಂಬಾ ವರ್ಷ ಆಯ್ತು ಕಣಪ್ಪಾ, ಅದು ಸಿಂಪಲ್ ಆಗಿದ್ರೆ ಈ ಅಂಕಣ ಇರ್ತಿರ್ಲಿಲ್ಲ. ತಲೆ ತೆಗೆದ್ರೆ ಕಾಂಡ ತನ್ನ ಆಕಾರ ಉಳಿಸ್ಕೊಳಲ್ಲ, ಬಿಚ್ಕೊಂಡು ಬಿದ್ದೋಗತ್ತೆ, ಬಿಚ್ಚಿದ ಕಾಂಡ ನೋಡಿ ಕಲಿತ ಆಂಟಿಬಾಡಿ ನಿಜವಾದ ವೈರಸ್ಸಿಗೆ ಅಂಟಲ್ಲ. 2015ರಲ್ಲಿ ಎರಡು ತಂಡದವರು ಒಳಗೆ ಅಲ್ಲಲ್ಲಿ ಅಮೈನೋ ಆಮ್ಲ (ಪ್ರೋಟೀನ್ ಕಟ್ಟೋ ಇಟ್ಟಿಗೆಗಳು) ಬದಲಿಸಿ ತಲೆ ಇಲ್ಲದ ಕಾಂಡವನ್ನ ಗಟ್ಟಿಯಾಗಿ ನಿಲ್ಲಿಸಿ ತೋರಿಸಿದ್ರು. ಅದರಲ್ಲಿ ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವರು ಆ ಕಾಂಡಗಳನ್ನ ಫೆರಿಟಿನ್ ಅನ್ನೋ ಪ್ರೋಟೀನಿನ ಗುಂಡಗಿನ ನ್ಯಾನೋ ಕಣದ ಮೇಲೆ ಸುತ್ತಲೂ ನಿಲ್ಲಿಸಿದ್ರು, 2019ರಲ್ಲಿ ಮನುಷ್ಯರ ಮೇಲೆ ಮೊದಲ ಹಂತದ ಟ್ರಯಲ್ ಶುರುವಾಯ್ತು, ಸುರಕ್ಷಿತ ಅಂತ ಗೊತ್ತಾಗಿದೆ, ಕಾಂಡದ ಆಂಟಿಬಾಡಿಯೂ ಬಂದಿದೆ.

ನಂಗೆ ಇದಕ್ಕಿಂತ ಇಷ್ಟ ಆಗೋದು ನ್ಯೂಯಾರ್ಕಿನ ಮೌಂಟ್ ಸಿನೈನಲ್ಲಿ ಪೀಟರ್ ಪಲೇಸ್, ಫ್ಲೋರಿಯನ್ ಕ್ರಾಮರ್ ತಂಡದವರ ಉಪಾಯ. ಅವರು ತಲೆ ಕತ್ತರಿಸಲ್ಲ, ತಲೆ ಬದಲಾಯಿಸ್ತಾರೆ. ಎಚ್‌1 ಕಾಂಡದ ಮೇಲೆ ಎಚ್‌8 ತಲೆ ಇಟ್ಟು ಮೊದಲ ಡೋಸ್ ಕೊಡೋದು. ಎಚ್‌8 ಹಕ್ಕಿಗಳ ವೈರಸ್, ನಮ್ಮ ದೇಹ ಅದನ್ನ ಕಂಡೇ ಇರಲ್ಲ, ಹಾಗಾಗಿ ತಲೆ ವಿರುದ್ಧ ಹಳೇ ನೆನಪು ಏನೂ ಇಲ್ಲ, ಆದ್ರೆ ಕಾಂಡ ಹಳೇ ಪರಿಚಯ. ಎರಡನೇ ಡೋಸ್‌ಗೆ ಅದೇ ಕಾಂಡ, ತಲೆ ಮಾತ್ರ ಎಚ್‌5. ತಲೆ ಮತ್ತೆ ಹೊಸದು, ಕಾಂಡ ಅದೇ, ದೇಹಕ್ಕೆ ಕಾಂಡ ಬಿಟ್ರೆ ನೆನಪಿಗೆ ಬರೋಕೆ ಬೇರೇನೂ ಇಲ್ಲ. ಮೊದಲ ಹಂತದ ಟ್ರಯಲ್‌ನಲ್ಲಿ ಕಾಂಡದ ಆಂಟಿಬಾಡಿ ಒಂದೂವರೆ ವರ್ಷ ಆದ್ರೂ ಉಳ್ಕೊಂಡಿತ್ತು. ಆದ್ರೆ ಆಂಟಿಬಾಡಿ ಬಂತು ಅನ್ನೋದು ಬೇರೆ, ಅದರಿಂದ ಜ್ವರ ಬರೋದು ತಪ್ಪಿತು ಅನ್ನೋದು ಬೇರೆ, ಎರಡನೇದು ಇನ್ನೂ ಸಾಬೀತಾಗ್ಬೇಕು. ಕಾಂಡ ಬದಲಾಗೋದೇ ಇಲ್ಲ ಅಂತಾನೂ ಅಲ್ಲ, 2020ರ ಒಂದು ಅಧ್ಯಯನದಲ್ಲಿ ಎಚ್‌1ಗೆ ಕಷ್ಟ ಆಗಿದ್ದನ್ನ ಎಚ್‌3 ಸಲೀಸಾಗಿ ಮಾಡ್ತು, ಕಾಂಡದ ಆಂಟಿಬಾಡಿಗಳಿಂದ ತಪ್ಪಿಸ್ಕೊಳೋ ರೂಪಾಂತರಗಳು ಅದಕ್ಕೆ ಸುಲಭವಾಗಿ ದಕ್ಕಿದ್ವು.

ಪ್ರಶ್ನೆ: ನನಗೀಗ ಎಪ್ಪತ್ತರ ಮೇಲೆ ವಯಸ್ಸು. ಚಿಕ್ಕಂದಿನಲ್ಲಿ ಯಾವ ಫ್ಲೂ ಬಂದಿತ್ತೋ ಅದರ ಮೇಲೆ ಈಗಿನ ರಕ್ಷಣೆ ನಿಂತಿದೆ ಅಂತ ಎಲ್ಲೋ ಓದಿದೆ. ನಂಬೋದಾ?

ಉತ್ತರ: ಸರ್, ನಂಬಬಹುದು, ಪೂರ್ತಿ ಅಲ್ಲದಿದ್ರೂ ಬಹಳ ಮಟ್ಟಿಗೆ. ಜೀವನದಲ್ಲಿ ಮೊದಲು ಕಂಡ ಫ್ಲೂ ವೈರಸ್ಸಿನ ನೆನಪನ್ನ ದೇಹ ಬಿಡೋದೇ ಇಲ್ಲ, ಆಮೇಲೆ ಯಾವ ತಳಿ ಬಂದ್ರೂ ಅದರಲ್ಲಿ ಹಳೇದನ್ನೇ ಹುಡುಕತ್ತೆ. ಥಾಮಸ್ ಫ್ರಾನ್ಸಿಸ್ ಅನ್ನೋ ವಿಜ್ಞಾನಿ ಇದನ್ನ 1960ರಲ್ಲೇ ಬರೆದಿದ್ರು. 2016ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಸ್ವಾರಸ್ಯವಾದ ಪುರಾವೆ ಕೊಡ್ತು. ಎ ವೈರಸ್ಸಿನ ಹೀಮಗ್ಲುಟಿನಿನ್‌ಗಳಲ್ಲಿ ಎರಡು ಗುಂಪು, ಎಚ್‌1, ಎಚ್‌2, ಎಚ್‌5 ಎಲ್ಲಾ ಒಂದು ಕಡೆ, ಎಚ್‌3, ಎಚ್‌7 ಇನ್ನೊಂದು ಕಡೆ. 1968ಕ್ಕೆ ಮೊದಲು ಹುಟ್ಟಿದವರು ಮಕ್ಕಳಾಗಿದ್ದಾಗ ಕಂಡಿದ್ದು ಎಚ್‌1 ಇಲ್ಲಾ ಎಚ್‌2. ಅಂಥವರಲ್ಲಿ ಎಚ್‌5ಎನ್‌1 ಹಕ್ಕಿಜ್ವರ ತೀವ್ರ ಆಗಿದ್ದು ಕಡಿಮೆ, ಎಚ್‌7ಎನ್‌9 ಮಾತ್ರ ಜೋರಾಗೇ ಹಿಡೀತು. 1968ರ ನಂತರ ಹುಟ್ಟಿದವರಲ್ಲಿ ಸರಿಯಾಗಿ ಉಲ್ಟಾ. ಮನುಷ್ಯರು ಕಂಡೇ ಇರದ ಹಕ್ಕಿ ವೈರಸ್ಸಿನ ವಿರುದ್ಧ ಐವತ್ತು ಅರವತ್ತು ವರ್ಷದ ಹಿಂದಿನ ನೆನಪು ಕೆಲಸಕ್ಕೆ ಬಂತು ಅಂದ್ರೆ, ವಿಶಾಲ ರಕ್ಷಣೆ ಅನ್ನೋದು ಬರೀ ಕನಸಲ್ಲ ಅಂತಾಯ್ತು. ತಲೆನೋವೂ ಇದೇ, ಒಂದೇ ಲಸಿಕೆಗೆ ಬೇರೆ ಬೇರೆ ವಯಸ್ಸಿನವರ ದೇಹ ಬೇರೆ ಬೇರೆ ಉತ್ತರ ಕೊಡತ್ತೆ. ಈ ಹಳೇ ನೆನಪು ಕೂರೋ ಮುಂಚೆನೇ ಎಳೇ ಮಕ್ಕಳಿಗೆ ಕೊಟ್ರೆ ಹೇಗೆ ಅನ್ನೋ ಯೋಚನೆಯೂ ಇದೆ, ಆದ್ರೆ ಮಕ್ಕಳ ಮೇಲೆ ಟ್ರಯಲ್ ಮಾಡೋಕೆ ಮೊದಲು ದೊಡ್ಡವರಲ್ಲಿ ಸುರಕ್ಷತೆ ಗಟ್ಟಿಯಾಗಿ ತೋರಿಸ್ಬೇಕು.

ಪ್ರಶ್ನೆ: 20 ತಳಿ ಸೇರಿಸಿ ಒಂದೇ ಲಸಿಕೆ ಮಾಡಿದಾರಂತಲ್ಲ?

ಉತ್ತರ: ಹೌದು, 2022ರ ನವೆಂಬರ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸ್ಕಾಟ್ ಹೆನ್ಸ್ಲಿ ತಂಡ ಪ್ರಕಟಿಸಿದ್ದು. ಇವರದ್ದು ಕಾಂಡದವರಿಗೆ ತದ್ವಿರುದ್ಧ ದಾರಿ. ಬದಲಾಗದ ಭಾಗ ಹುಡುಕೋ ಗೋಜಿಗೇ ಹೋಗದೆ, ಎ ಮತ್ತೆ ಬಿ ವೈರಸ್‌ಗಳ ಗೊತ್ತಿರೋ 20 ಥರದ ಹೀಮಗ್ಲುಟಿನಿನ್ನೂ ಎಂಆರ್‌ಎನ್‌ಎ ರೂಪದಲ್ಲಿ (ಅಂದ್ರೆ ಆ ಪ್ರೋಟೀನನ್ನ ನಮ್ಮ ಜೀವಕೋಶವೇ ಮಾಡ್ಕೊಳೋಕೆ ಬೇಕಾದ ಸೂಚನೆಯ ರೂಪದಲ್ಲಿ) ಒಟ್ಟಿಗೆ ಕೊಟ್ಟುಬಿಟ್ರು. ಇಲಿ ಮತ್ತೆ ಫೆರೆಟ್‌ಗಳಲ್ಲಿ ಇಪ್ಪತ್ತಕ್ಕೂ ಆಂಟಿಬಾಡಿ ಬಂತು, ಲಸಿಕೆಯಲ್ಲಿದ್ದ ತಳಿಗೆ ಪೂರ್ತಿ ಹೊಂದದ ವೈರಸ್ ಕೊಟ್ಟಾಗಲೂ ಕಾಯಿಲೆ ಸೌಮ್ಯ ಆಯ್ತು, ಸಾವು ತಪ್ಪಿತು. ಸೋಂಕು ತಗಲೋದನ್ನೇ ತಡೀತು ಅಂತ ಅಂದ್ಕೋಬೇಡಿ, ಉದ್ದೇಶ ಮುಂದೆ ಯಾವ ಹಕ್ಕಿ ವೈರಸ್ ಜಿಗಿದು ಬಂದ್ರೂ ದೇಹಕ್ಕೆ ಒಂದು ಅಡಿಪಾಯ ಇರ್ಲಿ ಅನ್ನೋದು.

ಫೆರೆಟ್ ಅಂದ್ರೆ ಮುಂಗುಸಿ ಥರ ಕಾಣೋ ಉದ್ದ ಮೈಯಿನ ಪ್ರಾಣಿ, ಫ್ಲೂ ಬಂದ್ರೆ ನಮ್ಮ ಹಾಗೇ ಸೀನತ್ತೆ. ಮನುಷ್ಯರ ಫ್ಲೂ ವೈರಸ್ಸನ್ನ ಮೊದಲು ಬೇರ್ಪಡಿಸಿದ್ದೂ ಇದೇ ಪ್ರಾಣಿಯಿಂದ, 1933ರಲ್ಲಿ ಲಂಡನ್‌ನಲ್ಲಿ. ಫೆರೆಟ್ ವಿಜ್ಞಾನಿಯ ಮುಖಕ್ಕೇ ಸೀನಿ ಅವರಿಗೂ ಜ್ವರ ಬರಿಸಿದ ಪ್ರಸಂಗ ಫ್ಲೂ ಸಂಶೋಧನೆ ಮಾಡೋರಿಗೆಲ್ಲಾ ಬಾಯಿಪಾಠ.

ಪ್ರಶ್ನೆ: ಇಷ್ಟೆಲ್ಲಾ ಐಡಿಯಾ ಇದೆ, ಆದ್ರೆ ಮಾರ್ಕೆಟ್ಟಲ್ಲಿ ಒಂದೂ ಇಲ್ಲ. ಹತ್ತು ವರ್ಷದಿಂದ "ಇನ್ನೈದು ವರ್ಷದಲ್ಲಿ ಬರತ್ತೆ" ಅಂತಾನೇ ಓದ್ತಿದೀನಿ. ಏನ್ ಸಮಾಚಾರ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಪೇಪರ್‌ನೋರು ಇಲಿಯಲ್ಲಿ ಗೆದ್ದಿದ್ದನ್ನ ದೊಡ್ಡಕ್ಷರದಲ್ಲಿ ಹಾಕ್ತಾರೆ, ಮನುಷ್ಯರಲ್ಲಿ ಸೋತಿದ್ದನ್ನ ಹಾಕೋದೇ ಇಲ್ಲ, ಹಾಗಾಗಿ ಸೋತಿದ್ದನ್ನ ನಾನು ಹೇಳ್ತೀನಿ. ಎಂ-001 ಅಂತ ಇಸ್ರೇಲ್ ಕಂಪನಿಯೊಂದರ ಲಸಿಕೆ ಇತ್ತು, ವೈರಸ್ಸಿನ ಬದಲಾಗದ ಒಂಬತ್ತು ತುಣುಕುಗಳನ್ನ ಜೋಡಿಸಿ ಮಾಡಿದ್ದು. ಈ ಥರದ ಲಸಿಕೆಗಳಲ್ಲಿ ಮೂರನೇ ಹಂತದ ತನಕ ಹೋಗಿದ್ದು ಅದೇ ಮೊದಲು, 50 ದಾಟಿದ 12 ಸಾವಿರಕ್ಕೂ ಹೆಚ್ಚು ಜನರ ಮೇಲೆ ಟ್ರಯಲ್ ಮಾಡಿದ್ರು. 2020ರ ಅಕ್ಟೋಬರ್‌ನಲ್ಲಿ ಫಲಿತಾಂಶ ಬಂತು, ಲಸಿಕೆ ತಗೊಂಡವರಿಗೂ ತಗೊಳದವರಿಗೂ ವ್ಯತ್ಯಾಸವೇ ಇಲ್ಲ! ಆಕ್ಸ್‌ಫರ್ಡ್ ಮೂಲದ ಇನ್ನೊಂದು ಲಸಿಕೆ ಆಂಟಿಬಾಡಿ ಬಿಟ್ಟು ಟಿ-ಕೋಶಗಳನ್ನ (ಸೋಂಕು ತಗಲಿದ ಜೀವಕೋಶಗಳನ್ನ ಹುಡುಕಿ ಕೊಲ್ಲೋ ರಕ್ಷಣಾ ಕೋಶಗಳು) ನಂಬ್ಕೊಂಡಿತ್ತು. ವೈರಸ್ಸಿನ ಒಳಗಿನ ಪ್ರೋಟೀನ್‌ಗಳು ತಳಿಯಿಂದ ತಳಿಗೆ ಜಾಸ್ತಿ ಬದಲಾಗಲ್ಲ, ಟಿ-ಕೋಶ ಅವನ್ನ ಗುರುತಿಸತ್ತೆ, ಲೆಕ್ಕಾಚಾರ ಸರಿಯಾಗೇ ಇತ್ತು. ಆದ್ರೆ ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ ಮಾಮೂಲಿ ಲಸಿಕೆ ಜೊತೆ ಇದನ್ನೂ ಕೊಟ್ಟು ನೋಡಿದಾಗ ಫ್ಲೂ ಬರೋದೇನೂ ಕಡಿಮೆ ಆಗ್ಲಿಲ್ಲ. ಟಿ-ಕೋಶ ಕೆಲಸ ಶುರು ಮಾಡೋದೇ ಸೋಂಕು ತಗಲಿದ ಮೇಲೆ, ಅದು ಕಾಯಿಲೆಯ ಜೋರು ಕಮ್ಮಿ ಮಾಡಬಹುದು, ಬಾಗ್ಲಲ್ಲೇ ತಡೆಯೋದು ಅದರ ಕೈಲಾಗಲ್ಲ.

ಇನ್ನೊಂದು ಕಾರಣ ಯಾರೂ ಬರೆಯಲ್ಲ, ಯಾಕಂದ್ರೆ ಬೋರಿಂಗು. ಅಳೆಯೋದು ಹೇಗೆ? ಈಗಿನ ಲಸಿಕೆಗಳಿಗೆ ಒಂದು ಹಳೇ ಲ್ಯಾಬ್ ಪರೀಕ್ಷೆ ಇದೆ. ಸಾಲು ಸಾಲು ಗುಳಿ ಇರೋ ಪ್ಲಾಸ್ಟಿಕ್ ತಟ್ಟೆಯಲ್ಲಿ ಲಸಿಕೆ ತಗೊಂಡವರ ರಕ್ತದ ಸೀರಂ ಹಾಕಿ, ಪ್ರತಿ ಗುಳಿಗೂ ಅರ್ಧರ್ಧ ತೆಳು ಮಾಡ್ತಾ ಹೋಗಿ, ವೈರಸ್ ಮತ್ತೆ ಕೆಂಪು ರಕ್ತಕಣ ಸೇರಿಸ್ತಾರೆ. ವೈರಸ್ಸಿಗೆ ಅಡ್ಡಿ ಇಲ್ದಿದ್ರೆ ಅದು ರಕ್ತಕಣಗಳನ್ನ ಒಂದಕ್ಕೊಂದು ಅಂಟಿಸಿ ಗುಳಿ ತುಂಬಾ ತೆಳ್ಳಗೆ ಹರಡತ್ತೆ, ಆಂಟಿಬಾಡಿ ಇದ್ರೆ ಕಣಗಳು ಜಾರಿ ತಳದಲ್ಲಿ ಒಂದು ಕೆಂಪು ಚುಕ್ಕೆಯಾಗಿ ಕೂರತ್ವೆ. 40 ಪಟ್ಟು ತೆಳು ಮಾಡಿದ ಗುಳಿಯಲ್ಲೂ ಚುಕ್ಕೆ ಕೂತ್ರೆ ಸುಮಾರು ಅರ್ಧದಷ್ಟು ರಕ್ಷಣೆ ಇದೆ ಅಂತ ಒಪ್ಕೊಂಡು ಬಂದಿದಾರೆ, ಪ್ರತಿ ವರ್ಷದ ಹೊಸ ಲಸಿಕೆ ಈ ಥರದ ಲೆಕ್ಕದ ಮೇಲೇ ಬೇಗ ಬೇಗ ಪಾಸಾಗೋದು. ಆದ್ರೆ ಈ ಪರೀಕ್ಷೆ ಅಳೆಯೋದು ಬರೀ ತಲೆಯ ಆಂಟಿಬಾಡಿ, ಅಂಟೋ ಕೆಲಸ ತಲೆದಲ್ವಾ. ಕಾಂಡದ ಆಂಟಿಬಾಡಿ ಎಷ್ಟೇ ತುಂಬಿದ್ರೂ ಇಲ್ಲಿ ಸೊನ್ನೆ. ಹಾಗಾಗಿ ಹೊಸ ಲಸಿಕೆಯವರಿಗೆ ಅಡ್ಡದಾರಿ ಇಲ್ಲ, ಸಾವಿರಾರು ಜನರಿಗೆ ಹಾಕಿ ಸೀಸನ್ ಪೂರ್ತಿ ಕಾದು ಯಾರಿಗೆ ಫ್ಲೂ ಬಂತು ಅಂತ ಎಣಿಸ್ಬೇಕು, ಆ ವರ್ಷ ಫ್ಲೂ ಸಪ್ಪೆ ಆಗ್ಬಿಟ್ರೆ ಖರ್ಚು ಮಾಡಿದ ದುಡ್ಡಿಗೆ ಉತ್ತರನೇ ಸಿಗಲ್ಲ. ಎಲ್ಲಾ ತಳಿಗೂ ಆಗತ್ತೆ ಅಂತ ತೋರಿಸೋಕೆ ಎಷ್ಟು ಸೀಸನ್ ಬೇಕು, ನೀವೇ ಯೋಚ್ನೆ ಮಾಡಿ.

ಹುಷಾರಾಗಿರೋಕೆ ಇನ್ನೊಂದು ಕಾರಣ, 2013ರಲ್ಲಿ ಹಂದಿಗಳ ಮೇಲೆ ನಡೆದ ಅಧ್ಯಯನ. ಎಚ್‌1ಎನ್‌2 ಲಸಿಕೆ ಕೊಟ್ಟು ಆಮೇಲೆ 2009ರ ಎಚ್‌1ಎನ್‌1 ತಗಲಿಸಿದ್ರೆ ಶ್ವಾಸಕೋಶದ ಕಾಯಿಲೆ ಕಡಿಮೆ ಆಗೋ ಬದಲು ಜಾಸ್ತಿ ಆಯ್ತು, ಅದರಲ್ಲಿ ಕಾಂಡಕ್ಕೆ ಅಂಟೋ ಆಂಟಿಬಾಡಿಗಳ ಪಾತ್ರ ಕಂಡುಬಂತು. ಹಂದಿಯಲ್ಲಿ ಆಗಿದ್ದು ಮನುಷ್ಯರಲ್ಲೂ ಆಗತ್ತೆ ಅಂತೇನಿಲ್ಲ, ಆದ್ರೆ ಅದನ್ನ ನೋಡಿದ ಮೇಲೆ ಅವಸರ ಮಾಡೋಕೆ ಯಾರಿಗೂ ಧೈರ್ಯ ಬರಲ್ಲ, ಬರಲೂಬಾರದು.

ಪ್ರಶ್ನೆ: ಎಂಆರ್‌ಎನ್‌ಎ ಫ್ಲೂ ಲಸಿಕೆ ಬಂದ್ರೆ ಈ ಸಮಸ್ಯೆ ಮುಗೀತಲ್ವಾ?

ಉತ್ತರ: ಇಲ್ಲ. ಅದು ಬೇಗ ತಯಾರಾಗತ್ತೆ, ಮೊಟ್ಟೆಯ ರಗಳೆ ಇಲ್ಲ, ತಳಿ ಆರಿಸೋದನ್ನ ಸ್ವಲ್ಪ ತಡ ಮಾಡಬಹುದು. ಆದ್ರೆ ಕಂಪನಿಗಳು ಮೂರನೇ ಹಂತದ ತನಕ ತಂದಿರೋ ಎಂಆರ್‌ಎನ್‌ಎ ಫ್ಲೂ ಲಸಿಕೆಗಳಲ್ಲೂ ಇರೋದು ಆ ವರ್ಷದ ತಳಿಗಳದ್ದೇ ಹೀಮಗ್ಲುಟಿನಿನ್. ಮುಂದಿನ ವರ್ಷ ಮತ್ತೆ ಹಾಕಿಸ್ಕೋಬೇಕು.

ಪ್ರಶ್ನೆ: ಎಲ್ಲಾ ತಳಿಗೂ ಆಗೋ ಲಸಿಕೆ ಬಂದ್ರೆ ಶೇ. 100 ರಕ್ಷಣೆ, ಜೀವಮಾನಕ್ಕೊಂದೇ ಸಲ ಅಂತ ತಾನೇ ಅರ್ಥ?

ಉತ್ತರ: ಅಷ್ಟು ಆಸೆ ಇಟ್ಕೋಬೇಡಿ. ಅಲರ್ಜಿ, ಸಾಂಕ್ರಾಮಿಕ ರೋಗಗಳನ್ನ ನೋಡ್ಕೊಳೋ ಅಮೆರಿಕದ ಎನ್‌ಐಎಐಡಿ ಸಂಸ್ಥೆ 2018ರಲ್ಲಿ ಹಾಕ್ಕೊಂಡ ಗುರಿ ಏನು ಗೊತ್ತಾ, ಕನಿಷ್ಠ ಶೇ. 75 ಪರಿಣಾಮ, ಎ ವೈರಸ್ಸಿನ ಎರಡೂ ಗುಂಪಿನ ವಿರುದ್ಧ ರಕ್ಷಣೆ, ಕನಿಷ್ಠ ಒಂದು ವರ್ಷ ಬಾಳಿಕೆ, ಎಲ್ಲಾ ವಯಸ್ಸಿಗೂ ಆಗ್ಬೇಕು. ಅಷ್ಟಾದ್ರೂ ದೊಡ್ಡದೇ, ಯಾಕಂದ್ರೆ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಸೀಸನಲ್ ಫ್ಲೂನ ಉಸಿರಾಟದ ತೊಂದ್ರೆಗಳಿಂದಲೇ ಲೋಕದಲ್ಲಿ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಜನ ಸಾಯ್ತಾರೆ. ನನ್ನ ಅಂದಾಜಲ್ಲಿ ಮೊದಲು ಬರೋದು ಪೂರ್ತಿ ಎಲ್ಲದಕ್ಕೂ ಆಗೋದಲ್ಲ, ಒಂದು ಗುಂಪಿಗೆ ಎರಡು ಮೂರು ವರ್ಷ ತಡೆಯೋ ಲಸಿಕೆ, ಆಮೇಲೆ ನಿಧಾನಕ್ಕೆ ಮುಂದಿಂದು.

ಪ್ರಶ್ನೆ: ಹಾಗಿದ್ರೆ ಅದು ಬರೋ ತನಕ ಈಗಿನ ಲಸಿಕೆ ಬಿಟ್ಟು ಕಾಯೋಣ್ವಾ?

ಉತ್ತರ: ಬೇಡ. ವಯಸ್ಸಾದವರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಅಸ್ತಮಾ, ಶುಗರ್, ಹೃದಯದ ತೊಂದ್ರೆ ಇರೋರು ಅಂತೂ ಕಾಯಲೇಬೇಡಿ. ತಳಿ ಅಷ್ಟಾಗಿ ಹೊಂದದ ವರ್ಷದಲ್ಲೂ ಆಸ್ಪತ್ರೆ ಸೇರೋದು, ಐಸಿಯು ಮುಟ್ಟೋದು ಕಡಿಮೆ ಆಗತ್ತೆ.

ಪ್ರಶ್ನೆ: ಎ, ಬಿ ಮಾತ್ರ ಹೇಳ್ತೀರಿ, ಸಿ ಡಿ ಎಲ್ಲಾ ಇಲ್ವಾ?

ಉತ್ತರ: ಇದೆ. ಸಿ ಬಂದ್ರೆ ಸಾಮಾನ್ಯವಾಗಿ ಮಕ್ಕಳಲ್ಲಿ ಸಣ್ಣ ನೆಗಡಿ ಅಷ್ಟೇ, ಡಿ ಮುಖ್ಯವಾಗಿ ದನಗಳದ್ದು. ಎರಡಕ್ಕೂ ಲಸಿಕೆ ಮಾಡೋ ಅಗತ್ಯ ಸದ್ಯಕ್ಕೆ ಯಾರಿಗೂ ಕಂಡಿಲ್ಲ. ಬಿ ವೈರಸ್ಸಿನ ಎರಡು ಕವಲಲ್ಲಿ ಯಮಗಾಟಾ ಅನ್ನೋದು 2020ರ ಮಾರ್ಚ್ ನಂತರ ಎಲ್ಲೂ ಖಚಿತವಾಗಿ ಸಿಕ್ಕಿಲ್ಲ, ಕೋವಿಡ್ ಕಾಲದಲ್ಲಿ ಜನ ಮನೆಯೊಳಗೇ ಇದ್ದಿದ್ದಕ್ಕೆ ಅಳಿದೇ ಹೋಗಿರಬೇಕು ಅಂತ ಅಂದಾಜು. ಅದಕ್ಕೇ ನಾಲ್ಕು ತಳಿಯ ಲಸಿಕೆಗಳು ಈಗ ಮತ್ತೆ ಮೂರಕ್ಕೆ ಇಳಿದಿರೋದು.